ಕಾರಿನ ಒಳಾಂಗಣ ಬಟ್ಟೆ: ಶುಚಿ ಮತ್ತು ಪಾಲನೆ

ಕಾರಿನ ಸೀಟು, ಬಾಗಿಲಿನ ಒಳಫಲಕ, ಛಾವಣಿಯ ಅಸ್ತರು, ನೆಲಹಾಸು, ಡಿಕ್ಕಿಯ ಹಾಸು ಮತ್ತು ಸೀಟ್‌ಬೆಲ್ಟುಗಳಲ್ಲಿರುವ ಬಟ್ಟೆಯನ್ನು ಧೂಳು, ಜಿಡ್ಡು, ಕಲೆ, ತೇವ ಹಾಗೂ ಬೂಷ್ಟಿನಿಂದ ಕಾಪಾಡುವ ಕೆಲಸವನ್ನು ಒಳಾಂಗಣ ಬಟ್ಟೆಯ ಪಾಲನೆ ಎನ್ನಬಹುದು. ಮನೆಯ ಬಟ್ಟೆಯನ್ನು ಬಿಚ್ಚಿ ಒಗೆದು, ಹಿಂಡಿ, ಹಗ್ಗದ ಮೇಲೆ ಹರಡಬಹುದು. ಕಾರಿನ ಬಟ್ಟೆ ಹಾಗಲ್ಲ. ಅದು ಫೋಮಿಗೋ ರಟ್ಟಿಗೋ ಅಂಟಿಕೊಂಡಿರುತ್ತದೆ. ಹಿಂಡಲು ಬರುವುದಿಲ್ಲ, ಬಿಸಿಲಿಗೆ ಒಯ್ಯಲು ಬರುವುದಿಲ್ಲ. ಹಾಕಿದ ನೀರು ಕೆಳಗಿಳಿದು ಕಣ್ಣಿಗೆ ಕಾಣದ ಕಡೆ ನಿಲ್ಲುತ್ತದೆ. ಆದ್ದರಿಂದ ಈ ಕೆಲಸದ ಮೂಲ ನಿಯಮ ಒಂದೇ: ಮೊದಲು ಒಣಗಿದ ಕೊಳೆಯನ್ನು ತೆಗೆಯಬೇಕು, ಆಮೇಲೆ ಅಗತ್ಯವಿದ್ದಷ್ಟೇ ನೀರು ಬಳಸಬೇಕು, ಬಳಸಿದ ನೀರನ್ನೆಲ್ಲ ಹೊರತೆಗೆಯಬೇಕು.

ಈ ನಿಯಮ ಎಲ್ಲ ಕಡೆಗೂ ಅನ್ವಯಿಸುತ್ತದೆ. ಆದರೆ ತೇವ ಹೆಚ್ಚಿರುವ ಕರಾವಳಿಯಲ್ಲಿ ಅದನ್ನು ಮೀರಿದರೆ ನಷ್ಟ ಬೇಗ ಕಾಣುತ್ತದೆ. ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ಅದರ ನೆರೆಯ ಪರವಾಡ ಇದಕ್ಕೆ ಒಳ್ಳೆಯ ಉದಾಹರಣೆಗಳು; ಕೃಷ್ಣಾ ತೀರದ ವಿಜಯವಾಡ ಬಿಸಿಲಿನ ತೊಂದರೆಗೆ ಉದಾಹರಣೆ. ಈ ಲೇಖನ ಆ ಪ್ರದೇಶವನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ. ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡಿನ ವಾಹನಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಪ್ರದೇಶ ಮತ್ತು ಹವೆ

ಪರವಾಡ ಮೊದಲು ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್ 4ರಂದು ಹೊಸ ಜಿಲ್ಲೆಗಳು ರಚನೆಯಾದಾಗ ಅನಕಾಪಲ್ಲಿ ಜಿಲ್ಲೆಗೆ ಸೇರಿತು. ಎನ್‌ಟಿಪಿಸಿಯ 2,000 ಮೆಗಾವ್ಯಾಟ್ ಸಾಮರ್ಥ್ಯದ ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರ ಮತ್ತು ಜವಾಹರಲಾಲ್ ನೆಹರೂ ಫಾರ್ಮಾ ಸಿಟಿ ಇರುವುದು ಇಲ್ಲಿಯೇ. ವಿಶಾಖಪಟ್ಟಣದಲ್ಲಿ 1933ರಲ್ಲಿ ಆರಂಭವಾದ ಬಂದರಿದೆ, ಗಾಜುವಾಕದ ಆಚೆ ಉಕ್ಕಿನ ಕಾರ್ಖಾನೆಯಿದೆ. ಸಮುದ್ರದ ಉಪ್ಪುಗಾಳಿ, ಕಡಲತೀರದ ಮರಳು, ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ಪುಡಿ, ಹಾರುಬೂದಿ ಇವೆಲ್ಲ ಒಂದೇ ಊರಿನ ಕಾರುಗಳ ಒಳಗೆ ಸೇರುವ ಸಾಧ್ಯತೆ ಇರುವುದು ಈ ಕಾರಣಕ್ಕೆ.

ವಿಶಾಖಪಟ್ಟಣದಿಂದ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ನೈರುತ್ಯಕ್ಕೆ ಬಂದರೆ ವಿಜಯವಾಡ. ಅಲ್ಲಿಯ ಬೇಸಿಗೆ ಬೇರೆಯೇ ಬಗೆಯದು. ಮೇ ತಿಂಗಳಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಒಂದೂರಿನಲ್ಲಿ ಬಟ್ಟೆ ಒಣಗದೆ ಕೆಡುತ್ತದೆ, ಇನ್ನೊಂದೂರಿನಲ್ಲಿ ಬಿಸಿಲಿಗೆ ಬಣ್ಣಗೆಟ್ಟು ಸವೆಯುತ್ತದೆ. ಪಾಲನೆಯ ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಇತಿಹಾಸ

ಮೊದಲ ಕಾರುಗಳ ಆಸನ ಕುದುರೆಗಾಡಿಯ ಆಸನದ ಮುಂದುವರಿಕೆಯಾಗಿತ್ತು: ಮೇಲೆ ತೊಗಲು, ಒಳಗೆ ಸ್ಪ್ರಿಂಗು ಮತ್ತು ಕುದುರೆಕೂದಲು. ಮುಚ್ಚಿದ ಮೈಯ ಕಾರುಗಳು 1920ರ ದಶಕದಲ್ಲಿ ಹೆಚ್ಚಾದ ಮೇಲೆ ಮಳೆಬಿಸಿಲಿನ ಭಯ ಕಡಿಮೆಯಾಗಿ ಉಣ್ಣೆಬಟ್ಟೆ, ಮೊಹೇರ್‌ನಂಥ ನೇಯ್ಗೆಗಳು ಒಳಗೆ ಬಂದವು. ನೈಲಾನ್ 1935ರಲ್ಲಿ, ಪಾಲಿಯುರೆಥೇನ್ 1937ರಲ್ಲಿ, ಪಾಲಿಯೆಸ್ಟರ್ ನೂಲು 1941ರಲ್ಲಿ ಹುಟ್ಟಿದವು. ಇಂದಿನ ಸೀಟು ನಿಂತಿರುವುದು ಈ ಮೂರರ ಮೇಲೆ, ಮುಖ್ಯವಾಗಿ ಪಾಲಿಯೆಸ್ಟರ್ ಬಟ್ಟೆ ಮತ್ತು ಪಾಲಿಯುರೆಥೇನ್ ಫೋಮಿನ ಮೇಲೆ.

ಭಾರತದಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಕಾಲ ರೆಕ್ಸಿನ್ ಸೀಟಿನ ಕಾಲ. ಸೆಕೆಗೆ ಬೆನ್ನು ಅಂಟಿಕೊಳ್ಳುತ್ತಿತ್ತು; ಅದಕ್ಕೇ ಹತ್ತಿಯ ಗವಸು ತೊಡಿಸುವುದು, ಬಿಳಿ ಟವೆಲ್ ಹಾಸುವುದು ರೂಢಿಯಾಯಿತು. ಟವೆಲ್ಲನ್ನು ಒಗೆದರೆ ಸೀಟು ಶುಚಿಯಾದಂತೆಯೇ. ಮಾರುತಿ 800 ಬಂದದ್ದು 1983ರ ಡಿಸೆಂಬರ್‌ನಲ್ಲಿ. ಆಮೇಲಿನ ದಶಕಗಳಲ್ಲಿ ಮಧ್ಯಮವರ್ಗದ ಕಾರುಗಳಲ್ಲಿ ಬಟ್ಟೆಯ ಸೀಟು ಸಾಮಾನ್ಯವಾಯಿತು, ಒದ್ದೆಬಟ್ಟೆಯಲ್ಲಿ ಒಮ್ಮೆ ಒರೆಸಿ ಮುಗಿಸುತ್ತಿದ್ದ ಕೆಲಸ ಬಿಡುವು ಮತ್ತು ತಿಳಿವಳಿಕೆ ಬೇಡುವ ಕೆಲಸವಾಯಿತು.

ರಚನೆ

ಕಾರಿನ ಸೀಟಿನ ಬಟ್ಟೆ ಸಾಮಾನ್ಯವಾಗಿ ಮೂರು ಪದರಗಳದ್ದು: ಮೇಲೆ ನೇಯ್ದ ಅಥವಾ ಹೆಣೆದ ಪಾಲಿಯೆಸ್ಟರ್, ಅದರ ಹಿಂದೆ ತೆಳುವಾದ ಫೋಮು, ಕೆಳಗೆ ಜಾಳಾದ ಅಸ್ತರು. ಇದರ ಅಡಿಯಲ್ಲಿ ಸೀಟಿನ ದಪ್ಪ ಫೋಮಿನ ಅಚ್ಚು. ನೆಲಹಾಸು ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಅಥವಾ ನೈಲಾನಿನದು. ಅದರ ಕೆಳಗೆ ಸದ್ದು ತಡೆಯುವ ದಪ್ಪನೆಯ ಹತ್ತಿಯಂಥ ಪದರ ಇರುತ್ತದೆ. ಛಾವಣಿಯ ಅಸ್ತರು ಎಂದರೆ ಅಚ್ಚೊತ್ತಿದ ಹಲಗೆಗೆ ಫೋಮಿನ ಸಮೇತ ಅಂಟಿಸಿದ ತೆಳುಬಟ್ಟೆ. ಬೆಲ್ಟು ಪಾಲಿಯೆಸ್ಟರಿನ ಬಿಗಿ ನೇಯ್ಗೆ.

ಪಾಲಿಯೆಸ್ಟರ್ ಗಾಳಿಯ ತೇವವನ್ನು ಬಹಳ ಕಡಿಮೆ ಹೀರುತ್ತದೆ. ಸಾಮಾನ್ಯ ಪರಿಸ್ಥಿತಿಯಲ್ಲಿ ಅದು ಹಿಡಿದಿಟ್ಟುಕೊಳ್ಳುವ ತೇವ ತನ್ನ ತೂಕದ ಸುಮಾರು 0.4%, ನೈಲಾನ್ ಸುಮಾರು 4%, ಹತ್ತಿ ಸುಮಾರು 8%. ಹಾಗಾಗಿ ಸೀಟಿನ ಮೇಲ್ಮೈ ಬೇಗ ಒಣಗಿದಂತೆ ಕಾಣುತ್ತದೆ. ಒದ್ದೆ ಉಳಿಯುವುದು ಕೆಳಗಿನ ಫೋಮಿನ ರಂಧ್ರಗಳಲ್ಲಿ. ಕೈಯಿಟ್ಟು ನೋಡಿ ಒಣಗಿದೆ ಎಂದು ನಂಬಿದವರಿಗೆ ಎರಡು ದಿನ ಬಿಟ್ಟು ಮುಗ್ಗಲು ವಾಸನೆ ಬರುವುದು ಇದರಿಂದ. ಪಾಲಿಯೆಸ್ಟರಿನ ಇನ್ನೊಂದು ಗುಣ ಎಣ್ಣೆಯ ಕಡೆಗಿನ ಒಲವು. ನೀರು ಜಾರಿಹೋಗುವ ಈ ನೂಲಿಗೆ ತಲೆಯೆಣ್ಣೆ, ಬೆವರಿನ ಜಿಡ್ಡು, ತುಪ್ಪ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ತಲೆಯೊರಗು ಮತ್ತು ಕೈಯೊರಗು ಉಳಿದ ಭಾಗಕ್ಕಿಂತ ಮೊದಲು ಕಪ್ಪಾಗುವುದು ಹೀಗೆ.

ಕೊಳೆಯ ಬಗೆಗಳು

ಕಾರಿನ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಕಣಗಳದು: ಮಣ್ಣು, ಮರಳು, ಚರ್ಮದ ಹೊಟ್ಟು, ಕೂದಲು, ತಿಂಡಿಯ ಚೂರು. ಮರಳು ಮತ್ತು ಹಾರುಬೂದಿಯ ಕಣಗಳು ಗಡುಸಾದವು. ಅವುಗಳಲ್ಲಿ ಸಿಲಿಕಾ ಇರುತ್ತದೆ. ಕುಳಿತು ಏಳುವಾಗಲೆಲ್ಲ ಅವು ನೂಲನ್ನು ಉಜ್ಜುತ್ತವೆ. ಕೊಳಕಾದ ಸೀಟು ಬೇಗ ಹರಿಯಲು ಇದೂ ಒಂದು ಕಾರಣ. ಕಲ್ಲಿದ್ದಲಿನ ಪುಡಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿದರೆ ಅದು ಮಸಿಯಾಗಿ ನೂಲಿನೊಳಕ್ಕೆ ಹರಡುತ್ತದೆ. ಕಬ್ಬಿಣದ ಅದಿರಿನ ಪುಡಿ ಒದ್ದೆಯಾದರೆ ಕೆಂಪು ಕಲೆ ಬಿಡುತ್ತದೆ. ಬಳ್ಳಾರಿ, ಸಂಡೂರಿನ ಅದಿರಿನ ದಾರಿಯಲ್ಲಿ ಓಡಾಡಿದವರಿಗೆ ಈ ಕೆಂಪು ಪರಿಚಿತ.

ಕರಾವಳಿಯ ವಿಶೇಷ ಸಮಸ್ಯೆ ಉಪ್ಪು. ಸಾಪೇಕ್ಷ ಆರ್ದ್ರತೆ ಸುಮಾರು 75% ದಾಟಿದಾಗ ಅಡಿಗೆಯ ಉಪ್ಪು ಗಾಳಿಯ ತೇವವನ್ನು ಎಳೆದು ತಾನೇ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ ಲವಣಗಳೂ ಇರುವುದರಿಂದ ಅದು ಇನ್ನೂ ಕಡಿಮೆ ಆರ್ದ್ರತೆಯಲ್ಲೇ ಒದ್ದೆಯಾಗತೊಡಗುತ್ತದೆ. ವಿಶಾಖಪಟ್ಟಣದ ರುಷಿಕೊಂಡ ಅಥವಾ ರಾಮಕೃಷ್ಣ ಬೀಚಿನಲ್ಲಿ ಅಲೆಗೆ ನೆನೆದ ಮಕ್ಕಳು ಹಾಗೆಯೇ ಬಂದು ಕುಳಿತರೆ ಆ ಸೀಟು ಹಗಲು ಒಣಗಿ ರಾತ್ರಿ ಮತ್ತೆ ತೇವಗೊಳ್ಳುತ್ತಿರುತ್ತದೆ. ಸೀಟಿನ ಚೌಕಟ್ಟು, ಹಳಿ, ಬೋಲ್ಟುಗಳ ತುಕ್ಕೂ ಇದರಿಂದ ಹೆಚ್ಚುತ್ತದೆ. ಕಡಲನೀರು ತಾಗಿದ ಜಾಗವನ್ನು ಒಣಗಿಸಿದರೆ ಸಾಲದು. ಸಿಹಿನೀರು ಹನಿಸಿ ಉಪ್ಪನ್ನು ಹೀರಿ ತೆಗೆದ ಮೇಲೆಯೇ ಒಣಗಿಸಬೇಕು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್‌ನಂಥ ಚಂಡಮಾರುತದಲ್ಲಿ ಗಾಜು ಒಡೆದು ನೆನೆದ ಕಾರಿಗೂ ಇದೇ ಕ್ರಮ.

ಒಣ ಶುಚಿ

ಪಾಲನೆಯ ಅತಿ ಮುಖ್ಯ ಸಾಧನ ವ್ಯಾಕ್ಯೂಮ್ ಕ್ಲೀನರ್. ಮೊದಲು ಮ್ಯಾಟುಗಳನ್ನು ಹೊರತೆಗೆದು ಕೊಡವಬೇಕು. ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಮೇಲಿನಿಂದ ಕೆಳಕ್ಕೆ, ಅಂದರೆ ಛಾವಣಿ, ಬಾಗಿಲು, ಸೀಟು, ನೆಲ ಎಂಬ ಕ್ರಮದಲ್ಲಿ ಸಾಗಬೇಕು. ಹೊಲಿಗೆಯ ಸಾಲು ಮತ್ತು ಸೀಟಿನ ಮಡಿಕೆಗೆ ಕಿರಿದಾದ ಮೂತಿ ಬೇಕು. ನೂಲಿನ ಬುಡದ ಧೂಳನ್ನು ಮೃದುವಾದ ಬ್ರಷ್ಷಿನಿಂದ ಎಬ್ಬಿಸುತ್ತಲೇ ಎಳೆಯಬೇಕು. ಹಾರುಬೂದಿಯಂಥ ಸಣ್ಣ ಕಣಗಳಿರುವ ಊರಿನಲ್ಲಿ ಹೆಪಾ ಸೋಸುಕ ಇರುವ ಯಂತ್ರ ಮೇಲು, ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಭಾಗವನ್ನು ತಡೆಯುತ್ತದೆ. ಸಾಧಾರಣ ಯಂತ್ರ ಅವನ್ನು ಮತ್ತೆ ಗಾಳಿಗೆ ಬಿಡಬಹುದು.

ಕೆಸರು ಮೆತ್ತಿದರೆ ತಾಳ್ಮೆ ಬೇಕು. ಹಸಿಯಾಗಿರುವಾಗ ಒರೆಸಿದರೆ ಒಳಕ್ಕಿಳಿಯುತ್ತದೆ; ಪೂರ್ತಿ ಒಣಗಲು ಬಿಟ್ಟು, ಕೆರೆದು, ವ್ಯಾಕ್ಯೂಮ್ ಮಾಡಿದರೆ ಹೆಚ್ಚಿನ ಪಾಲು ನೀರಿಲ್ಲದೆಯೇ ಹೋಗುತ್ತದೆ. ವಾರಕ್ಕೊಮ್ಮೆ ಈ ಒಣ ಶುಚಿ ನಡೆದರೆ ತೇವ ಶುಚಿಯ ಅಗತ್ಯ ಅಪರೂಪವಾಗುತ್ತದೆ.

ತೇವ ಶುಚಿ

ಊರಿನ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ‘ಇಂಟೀರಿಯರ್ ಡ್ರೈಕ್ಲೀನಿಂಗ್’ ಎಂದು ಮಾಡುವ ಕೆಲಸ ನಿಜದಲ್ಲಿ ತೇವ ಶುಚಿಯೇ. ಶಾಂಪೂವಿನ ನೊರೆ ಹಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ ತೆಗೆಯುತ್ತಾರೆ. ಎಕ್ಸ್‌ಟ್ರಾಕ್ಷನ್ ಯಂತ್ರ ಇರುವ ಕಡೆ ದ್ರಾವಣವನ್ನು ಸಿಂಪಡಿಸಿ ಕೂಡಲೇ ಕೊಳೆಯ ಸಮೇತ ಹೀರಿ ತೆಗೆಯುತ್ತಾರೆ. ಎರಡನೆಯ ವಿಧಾನದಲ್ಲಿ ಒಳಗೆ ಉಳಿಯುವ ನೀರು ಕಡಿಮೆ; ಕರಾವಳಿಗೆ ಅದೇ ಸೂಕ್ತ.

ಮನೆಯಲ್ಲಿ ಮಾಡುವವರು ಬಟ್ಟೆಗೆ ತಕ್ಕ ತಟಸ್ಥ ಶಾಂಪೂವನ್ನು ನೀರಿನಲ್ಲಿ ಕಲಕಿ, ನೊರೆಯನ್ನು ಮಾತ್ರ ಬಳಸಬೇಕು. ಯಾವುದೇ ದ್ರಾವಣವನ್ನು ಮೊದಲು ಸೀಟಿನ ಅಡಿಯಂಥ ಕಾಣದ ಜಾಗದಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಕಡ್ಡಾಯ. ಒಂದು ಸಲಕ್ಕೆ ಒಂದು ಫಲಕವನ್ನಷ್ಟೇ ಹಿಡಿದು, ಹೊಲಿಗೆಯಿಂದ ಹೊಲಿಗೆಯವರೆಗೆ ಮುಗಿಸಬೇಕು. ಮಧ್ಯದಲ್ಲಿ ನಿಲ್ಲಿಸಿದರೆ ಒದ್ದೆಯ ಅಂಚಿಗೆ ಕೊಳೆ ಸರಿದು ನೀರುಗೆರೆ ಉಳಿಯುತ್ತದೆ. ನೊರೆ ತೆಗೆದ ಮೇಲೆ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಎರಡು ಮೂರು ಸಲ ಒರೆಸಬೇಕು. ಶಾಂಪೂ ಉಳಿದರೆ ಅದರ ಅಂಟಿಗೆ ಹೊಸ ಧೂಳು ಹತ್ತಿ, ತೊಳೆದ ಸೀಟು ತೊಳೆಯದ್ದಕ್ಕಿಂತ ಬೇಗ ಕೊಳೆಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಬಿಡುವುದರಿಂದ ಕೊನೆಯ ಒರೆಸುವಿಕೆಗೆ ಆರ್‌ಒ ನೀರು ಒಳ್ಳೆಯದು.

ಕಲೆಗಳು

ಕಲೆಗೆ ಮೊದಲ ಚಿಕಿತ್ಸೆ ಒತ್ತಿ ಹೀರುವುದು. ತಿಕ್ಕಬಾರದು, ಅಂಚಿನಿಂದ ನಡುವಿನ ಕಡೆಗೆ ಒಣಬಟ್ಟೆ ಒತ್ತುತ್ತ ಬರಬೇಕು. ಆಮೇಲಿನ ಹಾದಿಯನ್ನು ಕಲೆಯ ರಾಸಾಯನಿಕ ಗುಣ ತೀರ್ಮಾನಿಸುತ್ತದೆ.

ಹಾಲು, ರಕ್ತ, ಮೊಟ್ಟೆ, ವಾಂತಿಯಂಥ ಪ್ರೋಟೀನು ಕಲೆಗಳಿಗೆ ತಣ್ಣೀರು. ಬಿಸಿನೀರು ತಾಗಿದರೆ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಕಚ್ಚಿಕೊಳ್ಳುತ್ತದೆ. ವಾಸನೆಯ ಮೂಲ ಅಳಿಯಬೇಕಾದರೆ ಕಿಣ್ವವಿರುವ ದ್ರಾವಣ ಬೇಕು. ಚಹಾ, ಕಾಫಿಯ ಟ್ಯಾನಿನ್ ಕಲೆಗೆ ನೀರು ಬೆರೆಸಿದ ವಿನಿಗರ್ ಹಿಡಿಸುತ್ತದೆ. ಕ್ಷಾರದ ಸೋಪು ಅದನ್ನು ಗಾಢವಾಗಿಸಬಹುದು. ತಲೆಯೆಣ್ಣೆ, ಉಪ್ಪಿನಕಾಯಿ, ಬಿರಿಯಾನಿಯ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳ ನೊರೆ ಸಾಕು. ಪೆನ್ನಿನ ಶಾಯಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಹತ್ತಿ. ಚ್ಯೂಯಿಂಗ್ ಗಮ್‌ಗೆ ಮಂಜುಗಡ್ಡೆಯಿಟ್ಟು ಗಟ್ಟಿಯಾಗಿಸಿ ಕೆರೆಯುವುದು.

ಹೆದ್ದಾರಿ 16ರ ಪ್ರಯಾಣಕ್ಕೆ ಅದರದೇ ಕಲೆಗಳಿವೆ. ನಡುದಾರಿಯಲ್ಲಿ ಸಿಗುವ ಅನ್ನವರದ ಸತ್ಯನಾರಾಯಣ ಸ್ವಾಮಿಯ ಪ್ರಸಾದ ಗೋಧಿನುಚ್ಚು, ಸಿಹಿ, ತುಪ್ಪದ್ದು. ಸೀಟಿಗೆ ಬಿದ್ದರೆ ಮೊದಲು ಚಮಚದಿಂದ ಎತ್ತಿ, ಸಿಹಿ ಕರಗಲು ತುಸು ಬೆಚ್ಚನೆಯ ನೀರು, ತುಪ್ಪಕ್ಕೆ ಪಾತ್ರೆದ್ರವದ ನೊರೆ ಎಂಬ ಎರಡು ಹಂತ ಬೇಕು. ಸಿಹಿ ಉಳಿದರೆ ಇರುವೆ, ಜಿರಲೆ ಬರುತ್ತವೆ.

ವಿಜಯವಾಡದ ಇಂದ್ರಕೀಲಾದ್ರಿಯ ಕನಕದುರ್ಗೆಯ ಸನ್ನಿಧಿಯಿಂದಲೋ ಸಿಂಹಾಚಲದಿಂದಲೋ ಬರುವಾಗ ಅರಿಸಿನ ಚೆಲ್ಲಿದರೆ ಸೋಪು ಹಚ್ಚುವ ಮೊದಲು ನಿಲ್ಲಬೇಕು. ಅರಿಸಿನದ ಕುರ್ಕ್ಯುಮಿನ್ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಈ ಗುಣದಿಂದಲೇ. ಸೋಪಿನಿಂದ ಕೆಂಪಾದ ಕಲೆ ವಿನಿಗರ್ ತಾಗಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಪುಡಿಯನ್ನು ಒಣಗಿದ್ದಾಗಲೇ ವ್ಯಾಕ್ಯೂಮ್ ಮಾಡಿ, ಉಳಿದದ್ದನ್ನು ಆಲ್ಕೊಹಾಲಿನಿಂದ ಒತ್ತಿ ತೆಗೆದು, ಕಾರನ್ನು ಬಿಸಿಲಿಗೆ ನಿಲ್ಲಿಸಬೇಕು. ಕುರ್ಕ್ಯುಮಿನ್ ಬೆಳಕಿಗೆ ಒಡೆಯುವ ವಸ್ತು. ಹಳದಿ ಕ್ರಮೇಣ ಮಾಸುತ್ತದೆ.

ಛಾವಣಿ, ಬೆಲ್ಟು, ನೆಲಹಾಸು

ಛಾವಣಿಯ ಅಸ್ತರಿನ ಅಂಟು ಮತ್ತು ಫೋಮು ಬಿಸಿಗೂ ತೇವಕ್ಕೂ ಸೋಲುತ್ತವೆ. ವರ್ಷಗಳು ಕಳೆದಂತೆ ಫೋಮು ಪುಡಿಯಾಗಿ ಬಟ್ಟೆ ಜೋಲುತ್ತದೆ. ಅದನ್ನು ತಿಕ್ಕುವುದು, ನೆನೆಸುವುದು, ಹಬೆ ಹಿಡಿಯುವುದು ಅಪಾಯ. ನೊರೆಯನ್ನು ಬಟ್ಟೆಗೆ ಹಚ್ಚಿಕೊಂಡು ಒಂದೇ ದಿಕ್ಕಿನಲ್ಲಿ ಹಗುರವಾಗಿ ಒರೆಸಬೇಕು. ಸನ್‌ರೂಫಿನ ಸುತ್ತ ಕಂದು ಕಲೆ ಕಂಡರೆ ಅದು ಕೊಳೆಯಲ್ಲ, ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡ ಸೂಚನೆ.

ಬೆಲ್ಟನ್ನು ಪೂರ್ತಿ ಎಳೆದು, ಒಳಸರಿಯದಂತೆ ಕ್ಲಿಪ್ ಹಾಕಿ, ಹದವಾದ ಸೋಪುನೀರಿನಲ್ಲಿ ಒರೆಸಿ, ಒಣಗಿದ ಮೇಲೆಯೇ ಬಿಡಬೇಕು. ಬ್ಲೀಚು, ಬಣ್ಣ, ತೀಕ್ಷ್ಣ ರಾಸಾಯನಿಕ ಅದರ ನೂಲಿನ ಬಲವನ್ನು ಕುಗ್ಗಿಸುತ್ತವೆ. ಅಪಘಾತದ ಕ್ಷಣದಲ್ಲಿ ಜೀವ ಹಿಡಿಯುವುದು ಆ ನೂಲು.

ಮಳೆಯೇ ಇಲ್ಲದ ದಿನ ಮುಂದಿನ ಸೀಟಿನ ಕಾಲ ಬಳಿಯ ನೆಲಹಾಸು ಒದ್ದೆಯಾಗಿದ್ದರೆ ಎಸಿಯನ್ನು ಶಂಕಿಸಬೇಕು. ತೇವದ ಹವೆಯಲ್ಲಿ ಎಸಿಯಿಂದ ಇಳಿಯುವ ನೀರು ಹೆಚ್ಚು; ಅದು ಹೊರಹೋಗುವ ಕೊಳವೆ ಧೂಳಿನಿಂದ ಮುಚ್ಚಿದರೆ ನೀರು ಕಾರಿನೊಳಕ್ಕೆ ಬರುತ್ತದೆ. ಇಲ್ಲಿ ಕೊಳವೆಯನ್ನು ಬಿಡಿಸದೆ ನೆಲಹಾಸು ತೊಳೆದು ಪ್ರಯೋಜನವಿಲ್ಲ.

ಒಣಗಿಸುವಿಕೆ ಮತ್ತು ಬೂಷ್ಟು

ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಹಿಡಿಯುವುದಿಲ್ಲ. ಆಮೇಲೆ ಅದರ ಬೆಳವಣಿಗೆಗೆ ಬೇಕಾದ ತೇವ, ಬೆಚ್ಚಗಿನ ಹವೆ, ಜಿಡ್ಡು ಮತ್ತು ಧೂಳಿನ ಆಹಾರ ಎಲ್ಲವೂ ಕಾರಿನಲ್ಲಿ ಸಿದ್ಧವಾಗಿರುತ್ತವೆ.

ವಿಜಯವಾಡದ ಮೇ ತಿಂಗಳಲ್ಲಿ ಬಾಗಿಲು ತೆರೆದು ನೆರಳಿನಲ್ಲಿ ನಿಲ್ಲಿಸಿದರೆ ಕೆಲಸ ಸುಲಭ. ವಿಶಾಖಪಟ್ಟಣದ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಬಾಗಿಲು ತೆರೆದಿಟ್ಟರೆ ಸಾಲದು. ಗಾಳಿ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ: 30 ಡಿಗ್ರಿಯಲ್ಲಿ 80% ಇದ್ದ ಗಾಳಿ 45 ಡಿಗ್ರಿಗೆ ಬಂದಾಗ ಸುಮಾರು 35% ಆಗುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿ, ಒಳಗೊಂದು ಫ್ಯಾನ್ ತಿರುಗಿಸಿದರೆ ಬಿಸಿಗಾಳಿ ತೇವವನ್ನು ಹೊತ್ತು ಹೊರಹೋಗುತ್ತದೆ. ಬಿಸಿಲಿಲ್ಲದಿದ್ದರೆ ಬಯಲಿನಲ್ಲಿ ಎಂಜಿನ್ ಓಡಿಸಿ ಎಸಿ ಹಾಕಬೇಕು. ಎಸಿ ಗಾಳಿಯ ನೀರನ್ನು ಇಳಿಸುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಒಣಗಿತೇ ಎಂದು ತಿಳಿಯಲು ಬಿಳಿ ಕಾಗದದ ಕರವಸ್ತ್ರವನ್ನು ಸೀಟಿನ ಮೇಲಿಟ್ಟು ಮೊಣಕಾಲಿನಿಂದ ಒತ್ತಿ ನೋಡಬೇಕು. ಫೋಮಿನ ನೀರು ಆಗ ಮೇಲೆ ಬರುತ್ತದೆ.

ಬೂಷ್ಟು ಕಂಡರೆ ಮಾಸ್ಕು ಧರಿಸಿ, ಕಾರನ್ನು ಬಯಲಿಗೆ ತಂದು, ಬಾಗಿಲು ತೆರೆದು ಕೆಲಸ ಮಾಡಬೇಕು. ಒಣಗಿದ ಬೂಷ್ಟನ್ನು ಹೆಪಾ ಯಂತ್ರದಲ್ಲಿ ಎಳೆದು, ಶಾಂಪೂ ನೊರೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಅಡಿಗೆ ಸೋಡಾ ಒಂದು ರಾತ್ರಿ ಹುಳಿವಾಸನೆಯನ್ನು ಹೀರಬಲ್ಲದು, ತೇವದ ಮೂಲವನ್ನು ಅಳಿಸಲಾರದು. ಸುಗಂಧದ ಡಬ್ಬಿ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ.

ನೆರೆಯಲ್ಲಿ ಮುಳುಗಿದ ಕಾರು

2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಅಜಿತ್ ಸಿಂಗ್ ನಗರ ಮತ್ತು ಸುತ್ತಲಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಅದೇ ಸಮಯದಲ್ಲಿ ಪ್ರಕಾಶಂ ಬ್ಯಾರೇಜಿನಿಂದ 11.43 ಲಕ್ಷ ಕ್ಯೂಸೆಕ್ ನೀರು ಹರಿಯಿತು. ಅಂಥ ನೀರಿನಲ್ಲಿ ಚರಂಡಿ, ಎಣ್ಣೆ, ಕೆಸರು ಬೆರೆತಿರುತ್ತವೆ. ಅದು ಫೋಮಿನವರೆಗೆ ಇಳಿದಿದ್ದರೆ ಮೇಲಿನ ಬಟ್ಟೆ ತೊಳೆದು ಕಾರು ಸರಿಯಾಯಿತೆಂದು ತಿಳಿಯಬಾರದು. ಸೀಟು ಬಿಚ್ಚಿ, ನೆಲಹಾಸು ಎತ್ತಿ, ಕೆಳಗಿನ ಪದರವನ್ನೂ ನೆನೆದ ಫೋಮನ್ನೂ ಬದಲಿಸುವುದೇ ಆರೋಗ್ಯಕರ. ವಿಮೆಯ ಸಮೀಕ್ಷಕರು ನೋಡುವ ಮೊದಲು ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಎಂಜಿನ್ ಚಾಲೂ ಮಾಡಬಾರದು. ವಿಜಯವಾಡದ ಆಟೋನಗರ ವಾಹನಗಳ ಮೈಕಟ್ಟುವ, ದುರಸ್ತಿ ಮಾಡುವ ದೊಡ್ಡ ಕೇಂದ್ರ. ಸೀಟಿನ ಫೋಮು, ಬಟ್ಟೆ, ಹೊಲಿಗೆ ಬಲ್ಲ ಕೈಗಳು ಇಂಥ ಕಡೆ ಸಿಗುತ್ತವೆ. ಹಳೆಯ ಕಾರು ಕೊಳ್ಳುವವರು ಸೀಟಿನ ಹಳಿಯ ತುಕ್ಕು, ಬೆಲ್ಟಿನ ಬುಡದ ಕೆಸರುಗೆರೆ ನೋಡಿದರೆ ಮುಳುಗಿದ ಗುರುತು ಸಿಗಬಹುದು.

ಸುರಕ್ಷತೆ

ಮುಂದಿನ ಸೀಟುಗಳ ಅಡಿಯಲ್ಲಿ ಏರ್‌ಬ್ಯಾಗು, ಬೆಲ್ಟು ಮತ್ತು ಆಸನ ಸಂವೇದಕಗಳ ತಂತಿಗಳಿರುತ್ತವೆ. ಏರ್‌ಬ್ಯಾಗಿನ ಜೋಡಣೆಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಅವನ್ನು ಎಳೆಯಬಾರದು, ನೀರು ಹೊಡೆಯಬಾರದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗು ಇರುವ ಕಾರಿಗೆ ಆ ಭಾಗ ಬಿಚ್ಚಿಕೊಳ್ಳುವಂತೆ ಹೊಲಿದ ಸೀಟ್ ಕವರನ್ನೇ ಹಾಕಿಸಬೇಕು. ಬಿಗಿಯಾದ ಸಾಮಾನ್ಯ ಕವರು ಅದನ್ನು ತಡೆಯುತ್ತದೆ. ಆಲ್ಕೊಹಾಲ್ ಬಳಸುವಾಗ ಬೀಡಿ, ಬೆಂಕಿಕಡ್ಡಿ ದೂರವಿರಲಿ. ಬ್ಲೀಚಿಗೆ ವಿನಿಗರ್ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಪ್ರಾಣಕ್ಕೆ ಕುತ್ತು. ಸರ್ವಿಸ್ ಅಂಗಡಿಗಳಲ್ಲಿ ದಿನವಿಡೀ ಈ ರಾಸಾಯನಿಕಗಳ ನಡುವೆ ಕೆಲಸ ಮಾಡುವವರಿಗೆ ಕೈಗವಸು, ಮಾಸ್ಕು ಒದಗಿಸುವುದು ಮಾಲೀಕರ ಹೊಣೆ.

ಬಿಸಿಲಿನ ರಕ್ಷಣೆ

ಬಟ್ಟೆಯ ಬಣ್ಣ ಕೆಡಿಸುವುದು ಮುಖ್ಯವಾಗಿ ಅತಿನೇರಳೆ ಕಿರಣ ಮತ್ತು ಶಾಖ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿಗೂ ಸೀಟು ಸುಮಾರು 51 ಡಿಗ್ರಿಗೂ ಏರಿತ್ತು. ಪದರವಿರುವ ಮುಂದಿನ ಗಾಜು ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಗಾಜಿನಲ್ಲಿ ಅದರ ಒಂದು ಭಾಗ ಒಳಬರುತ್ತದೆ. ಹಾಗಾಗಿ ಮುಂದಿನ ಗಾಜಿಗೆ ಹೊಳೆಯುವ ಸನ್‌ಶೇಡ್ ಹಾಕುವುದರ ಜೊತೆಗೆ, ನಿಲ್ಲಿಸಿದಾಗ ಪಕ್ಕದ ಕಿಟಕಿಗಳಿಗೂ ತೆರೆ ಹಾಕಬೇಕು. ತೆಳು ಹತ್ತಿಯ ಗವಸು ಬಿಸಿಲಿಗೂ ಬೆವರಿಗೂ ತಾನೇ ಮೈಯೊಡ್ಡುತ್ತದೆ. ಬಿಚ್ಚಿ ಒಗೆಯಲು ಬರುವುದರಿಂದ ಅದು ಕರಾವಳಿಗೆ ಯೋಗ್ಯ. ಗಾಳಿಯಾಡದ ರೆಕ್ಸಿನ್ ಕವರಿನಡಿ ಒದ್ದೆ ಸೇರಿದರೆ ಕೆಳಗಿನ ಬಟ್ಟೆ ಕಾಣದಂತೆ ಬೂಷ್ಟು ಹಿಡಿಯುತ್ತದೆ.

ವರ್ಷದ ಕ್ರಮ

ಪೂರ್ವ ಕರಾವಳಿಯಲ್ಲಿ ತೇವ ಶುಚಿಗೆ ತಕ್ಕ ಕಾಲ ಜನವರಿಯಿಂದ ಮೇವರೆಗಿನದು. ವರ್ಷಕ್ಕೊಮ್ಮೆ ಪೂರ್ತಿ ಶಾಂಪೂ ಮಾಡಿಸುವವರು ಈ ತಿಂಗಳುಗಳಲ್ಲೇ ಮಾಡಿಸಬೇಕು. ಜೂನ್‌ಗೆ ಮುಂಚೆ ಬಾಗಿಲಿನ ರಬ್ಬರು, ಎಸಿ ಮತ್ತು ಸನ್‌ರೂಫಿನ ಕೊಳವೆ, ಕ್ಯಾಬಿನ್ ಸೋಸುಕಗಳನ್ನು ನೋಡಿಸಬೇಕು. ಜೂನ್‌ನಿಂದ ಚಂಡಮಾರುತದ ಅಕ್ಟೋಬರ್–ನವೆಂಬರ್ ದಾಟುವವರೆಗೆ ಒಣ ಶುಚಿಯೇ ಪ್ರಧಾನವಾಗಿರಲಿ: ನೀರು ಹಿಡಿಯುವ ರಬ್ಬರ್ ಮ್ಯಾಟು, ಹತ್ತುವ ಮೊದಲು ಕೊಡೆ ಇಡಲು ಬಕೆಟ್ಟು, ಸೀಟಿನಲ್ಲೊಂದು ಒಣ ಟವೆಲ್, ತೇವ ಹೀರುವ ಪೊಟ್ಟಣ. ವಾರಗಟ್ಟಲೆ ನಿಲ್ಲುವ ಕಾರನ್ನು ಬಿಸಿಲು ಕಂಡ ದಿನ ತೆರೆದು ಗಾಳಿಯಾಡಿಸಬೇಕು. ಕರ್ನಾಟಕದ ಕರಾವಳಿಗೂ ಮಲೆನಾಡಿಗೂ ನೈರುತ್ಯ ಮಾರುತ ಬಿರುಸಾಗಿರುವ ಕಾರಣ ಅಲ್ಲಿ ಈ ಎಚ್ಚರದ ಅವಧಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನಷ್ಟು ಬಿಗಿಯಾಗಿರಬೇಕು. ಬಯಲುಸೀಮೆಯ ಒಣಹವೆಯಲ್ಲಿ ಬೂಷ್ಟಿನ ಭಯ ಕಡಿಮೆ. ಅಲ್ಲಿ ವಾರದ ವ್ಯಾಕ್ಯೂಮ್ ಮತ್ತು ಬಿಸಿಲಿಗೆ ತೆರೆ ಎಂಬ ಎರಡು ರೂಢಿಗಳು ಸೀಟಿನ ಆಯುಷ್ಯವನ್ನು ಕಾಯುತ್ತವೆ.